ಮನೆಗೆ ಎರಡು ದಾರಿ

ಡೊಂಬಿವಲಿಯ ನಮ್ಮ ಮನೆಯಲ್ಲಿ ರಾತ್ರಿ ಎಂಟು ಗಂಟೆಯೆಂದರೆ ತಪ್ಪಿಸುವಂತಿಲ್ಲದ ಹೊತ್ತು. ಆಗ ನಾವು ಗಂಡಹೆಂಡಿರಿಬ್ಬರೂ ಟ್ಯಾಬ್ಲೆಟ್ಟಿನ ಮುಂದೆ ಕೂತು, ಕುಂದಾಪುರದ ಬದಿಯ ಹಳ್ಳಿಯಲ್ಲಿರುವ ಅಪ್ಪಯ್ಯನಿಗೆ ಮುಖ ತೋರಿಸಬೇಕು. ಅವರಿಗೆ ಎಂಬತ್ತಾರು ವರ್ಷ. ಕಿವಿ ಪೂರ್ತಿ ಮಂದ. ಶ್ರವಣಯಂತ್ರ ಹಾಕಿದರೆ ತಲೆಯೊಳಗೆ ಜೇನು ಎದ್ದಂತಾಗುತ್ತದೆಂದು ಅದನ್ನು ಡಬ್ಬಿಯಲ್ಲೇ ಇಟ್ಟಿದ್ದಾರೆ. ಬರಿಯ ಟೆಲಿಫೋನು ಅವರ ಪಾಲಿಗೆ ಇದ್ದೂ ಇಲ್ಲದಂತೆ. ತುಟಿಯ ಚಲನೆ ನೋಡಿ ಮಾತು ಹಿಡಿಯುತ್ತಾರೆ. ಆದ್ದರಿಂದ ಮುಖ ಕಂಡರೆ ಮಾತ್ರ ಮಾತು.

2022ರ ಜುಲೈ ತಿಂಗಳಲ್ಲಿ, ಮಳೆ ಜಡಿಯುತ್ತಿದ್ದಾಗ, ರಸ್ತೆ ಅಗೆಯುವವರು ಎಲ್ಲಿಯೋ ಫೈಬರ್ ತಂತಿ ಕತ್ತರಿಸಿದರು. ಕಂಪನಿಯ ಹೆಸರು ಬೇಡ; ದೂರು ಕೊಟ್ಟಾಗಲೆಲ್ಲ ಒಂದು ಹೊಸ ನಂಬರು ಕೊಟ್ಟರು, ಸಂಪರ್ಕ ಮಾತ್ರ ಕೊಡಲಿಲ್ಲ. ನಮ್ಮಿಬ್ಬರ ಮೊಬೈಲೂ ಒಂದೇ ಕಂಪನಿಯದು. ನೆಲ ಅಂತಸ್ತಿನ ನಮ್ಮ ಮನೆಯೊಳಗೆ ಅದರ ಸಿಗ್ನಲ್ ಹೊಕ್ಕರೆ ಪುಣ್ಯ. ಕೊಡೆ ಹಿಡಿದು ಗೇಟಿನ ಹತ್ತಿರ ನಿಂತು ಅಪ್ಪಯ್ಯನಿಗೆ ವಿಡಿಯೋ ಕರೆ ಮಾಡಿದೆವು. ಚಿತ್ರ ಬಂತು, ಬಂದು ಕಲ್ಲಾಯಿತು. ಬಾಯಿ ತೆರೆದು ನಿಂತ ನಮ್ಮ ಮುಖ ನೋಡಿ ಅವರು ಇನ್ನಷ್ಟು ಗಾಬರಿಯಾದರು.

“ಅಲ್ಲಿ ನೆಟ್ ಇಲ್ಲವಂತೆ ಮಾವಯ್ಯ” ಎಂದು ಅತ್ತಿಗೆ ಸ್ಲೇಟಿನ ಮೇಲೆ ಬರೆದು ತೋರಿಸಿದರಂತೆ. ಅವರು ನಂಬಲಿಲ್ಲ. ನಂಬದಿರುವುದಕ್ಕೆ ಕಾರಣವಿದೆ. ಅಪ್ಪಯ್ಯನೂ ಹಿಂದೆ ಮುಂಬಯಿಯಲ್ಲಿ ಹೋಟೆಲಿನಲ್ಲಿ ದುಡಿದವರು. 1971ರಲ್ಲಿ ಅವರಿಗೆ ಊರಿನಿಂದ ತಂತಿ ಬಂತು: “ತಾಯಿ ಸೀರಿಯಸ್, ಕೂಡಲೇ ಹೊರಡು.” ಕೊಂಕಣ ರೈಲು ಇಲ್ಲದ ಕಾಲ, ಬಸ್ಸು ಬದಲಿಸುತ್ತ ಊರು ಮುಟ್ಟಿದಾಗ ಚಿತೆಯೂ ಆರಿತ್ತು. ತಂತಿಯಲ್ಲಿ ‘ಸೀರಿಯಸ್’ ಎಂದರೆ ಏನರ್ಥವೆಂದು ನಮ್ಮ ಹಳೆಯ ತಲೆಗಳಿಗೆಲ್ಲ ಗೊತ್ತು. 2013ರ ಜುಲೈಯಲ್ಲಿ ಸರಕಾರ ತಂತಿ ಸೇವೆಯನ್ನೇ ನಿಲ್ಲಿಸಿತು. ಆದರೆ ಆ ಅರ್ಥ ಅಪ್ಪಯ್ಯನ ಮನಸ್ಸಿನಿಂದ ಹೋಗಿರಲಿಲ್ಲ. ‘ನೆಟ್ ಇಲ್ಲ’ ಎಂಬುದನ್ನೂ ಅವರು ‘ಸೀರಿಯಸ್’ ಎಂದೇ ಓದಿಕೊಂಡರು.

ನಾಲ್ಕನೆಯ ದಿನ ಬೆಳಿಗ್ಗೆ ಯಾರಿಗೂ ಹೇಳದೆ, ಒಂದು ಬಟ್ಟೆಚೀಲ, ಕೊಡೆ ಮತ್ತು ನಮ್ಮ ವಿಳಾಸದ ಚೀಟಿ ಹಿಡಿದು ಕುಂದಾಪುರದ ರೈಲ್ವೆ ಸ್ಟೇಶನ್ನಿಗೆ ಹೋಗಿ ಕೂತರು. ಗುರುತಿನ ರಿಕ್ಷಾದವನೊಬ್ಬ ಕಂಡು ಮನೆಗೆ ಕರೆತಂದ. ಸುದ್ದಿ ಕೇಳಿ ನಮಗೆ ಆ ದಿನ ಅನ್ನ ಇಳಿಯಲಿಲ್ಲ. ರೈಲು ಹತ್ತಿಬಿಟ್ಟಿದ್ದರೆ? ಯಾರು ಏನು ಕೇಳಿದರೂ ಕೇಳಿಸದ ಆ ಜೀವ ಠಾಣೆಯ ಜನಜಂಗುಳಿಯಲ್ಲಿ ಎಲ್ಲಿ ಇಳಿದೀತು, ಎಲ್ಲಿ ಹೋದೀತು?

ಆಗ ನಿಶ್ಚಯಿಸಿದೆವು, ಇನ್ನು ಒಂದೇ ದಾರಿಯನ್ನು ನೆಚ್ಚಿ ಕೂರುವುದಿಲ್ಲವೆಂದು.

ಮೊದಲು ಹೊಳೆದದ್ದು ಇನ್ನೊಂದು ಕಂಪನಿಯ ಫೈಬರ್. ಆದರೆ ಹೊರಗೆ ಹೋಗಿ ನೋಡಿದರೆ ಎರಡೂ ಕಂಪನಿಗಳ ತಂತಿಗಳು ಒಂದೇ ಕಂಬದಲ್ಲಿ ತೂಗಾಡಿ, ಒಂದೇ ಕೊಳವೆಯಲ್ಲಿ ಕಟ್ಟಡದೊಳಗೆ ನುಗ್ಗುತ್ತಿದ್ದವು! ಗುದ್ದಲಿ ಬಿದ್ದರೆ ಎರಡಕ್ಕೂ ಒಟ್ಟಿಗೇ ಮೋಕ್ಷ. ಎರಡನೆಯ ದಾರಿ ನೆಲದ್ದಲ್ಲ, ಗಾಳಿಯದಾಗಬೇಕು. ನೆರೆಮನೆಯ ಮರಾಠಿ ಹುಡುಗನ ಮೊಬೈಲಿನಲ್ಲಿ ಬೇರೆ ಕಂಪನಿಯ ಸಿಮ್ ಇತ್ತು. ಅದನ್ನು ಹಿಡಿದು ಮನೆಯೆಲ್ಲ ಸುತ್ತಿದೆವು. ಅಡಿಗೆಮನೆಯ ಕಿಟಕಿಯ ಬಳಿ ಸಿಗ್ನಲ್ ಗಟ್ಟಿಯಾಗಿ ಸಿಕ್ಕಿತು. ಅಲ್ಲಿಯೇ ಸಿಮ್ ಹಾಕುವ ಪೆಟ್ಟಿಗೆ ಇಟ್ಟು, ಹಜಾರದವರೆಗೆ ತಂತಿ ಎಳೆದು, ಎರಡು ಸಂಪರ್ಕಗಳನ್ನು ಕೂಡಿಸಿಕೊಳ್ಳುವ ರೌಟರೊಂದನ್ನು ಕೊಂಡುತಂದೆವು. ಒಂದು ತೂತಿಗೆ ಫೈಬರಿನದು, ಇನ್ನೊಂದಕ್ಕೆ ಸಿಮ್ಮಿನದು.

ಕೂಡಲೇ ಕೆಲಸ ಮಾಡಿತೆ? ಇಲ್ಲ. ಎರಡೂ ಪೆಟ್ಟಿಗೆಗಳ ವಿಳಾಸ 192.168.1.1 ಎಂದೇ ಇತ್ತು. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರಿದ್ದರೆ ಅಂಚೆಯವ ಏನು ಮಾಡಿಯಾನು? ಸಿಮ್ ಪೆಟ್ಟಿಗೆಯದನ್ನು 192.168.2.1 ಎಂದು ಬದಲಿಸಿದೆವು. ಮತ್ತೆ ರೌಟರು ಕೇಳಿತು: ಎರಡೂ ಸಂಪರ್ಕಗಳು ಹೊರೆ ಹಂಚಿಕೊಳ್ಳಲೋ, ಒಂದು ಸುಮ್ಮನೆ ಕಾದಿರಲೋ? ಹಂಚಲು ಹೇಳಿ ನೋಡಿದೆವು. ನಡುವೆ ದಾರಿ ಬದಲಾದಾಗ ಬ್ಯಾಂಕಿನ ಪುಟ ಸಂಶಯಪಟ್ಟು ನಮ್ಮನ್ನು ಹೊರಗೆ ತಳ್ಳಿತು. ಸಿಮ್ಮಿನ ದಿನದ ಡೇಟಾವೂ ಮಧ್ಯಾಹ್ನಕ್ಕೇ ಖಾಲಿ. ಎರಡನೆಯದು ಕಾದಿದ್ದರೆ ಸಾಕು ಎಂದೆವು.

ಫೈಬರ್ ಪೆಟ್ಟಿಗೆಯಿಂದ ಬರುವ ತಂತಿ ಕಿತ್ತು ಪರೀಕ್ಷೆ ಮಾಡಿದೆವು. ಸ್ವಲ್ಪದರಲ್ಲೇ ಸಿಮ್ ಕೈಹಿಡಿಯಿತು. ಗೆದ್ದೆವೆಂದು ಹುಡುಗನಿಗೆ ಕೇಸರಿಬಾತು ತಿನ್ನಿಸಿದ್ದೂ ಆಯಿತು. ಆದರೆ ಎರಡು ವಾರ ಕಳೆದು ನಿಜವಾಗಿ ಸಂಪರ್ಕ ಕಡಿದಾಗ ರೌಟರು ಅಲ್ಲಾಡಲಿಲ್ಲ! ಹಸಿರು ದೀಪ ಉರಿಯುತ್ತಲೇ ಇತ್ತು. ಯೋಚಿಸಿದಾಗ ತಿಳಿಯಿತು: ನಾವು ಕಿತ್ತದ್ದು ಮನೆಯೊಳಗಿನ ತಂತಿ, ಕಡಿದದ್ದು ರಸ್ತೆಯದು. ಮನೆಯೊಳಗಿನ ತಂತಿ ನೆಟ್ಟಗಿದೆಯೆಂದು ನೋಡಿ ರೌಟರು ಎಲ್ಲ ಕ್ಷೇಮವೆಂದು ತಿಳಿದಿತ್ತು. ಹತ್ತಿರದ ದೀಪ ನೋಡಿದರೆ ಸಾಲದು, ದೂರದವನು ಓಗೊಡುತ್ತಾನೆಯೇ ಎಂದು ಕೇಳುತ್ತಿರಬೇಕು. ಹಾಗೆಯೇ ಹೊರಲೋಕದ ಎರಡು ವಿಳಾಸ ಕೊಟ್ಟು, ಐದು ಸೆಕೆಂಡಿಗೊಮ್ಮೆ ಕೂಗಿ ನೋಡು, ಮೂರು ಸಲ ಎರಡರಿಂದಲೂ ಉತ್ತರ ಬಾರದಿದ್ದರೆ ದಾರಿ ಬದಲಿಸು ಎಂದು ಹೇಳಿಟ್ಟೆವು. ಫೈಬರ್ ಮರಳಿ ಬಂದರೂ ಕೆಲವು ನಿಮಿಷ ತಾಳಿ ಹಿಂದಿರುಗು ಎಂದೂ ಹೇಳಿದೆವು. ಇಲ್ಲವಾದರೆ ಬಂದುಹೋಗುವ ಸಂಪರ್ಕದ ಹಿಂದೆ ಅದೂ ಓಡಾಡುತ್ತದೆ. ಕರೆಂಟು ಹೋದರೆ ಎಲ್ಲವೂ ಮಣ್ಣು ಎಂಬುದನ್ನು ನೆನೆದು ಮೂರೂ ಪೆಟ್ಟಿಗೆಗಳಿಗೆ ಸಣ್ಣ 12 ವೋಲ್ಟಿನ ಯುಪಿಎಸ್ ಕಟ್ಟಿದೆವು. ಪೆಟ್ಟಿಗೆಗಳ ಮೇಲೆ ಬರೆದ ವೋಲ್ಟ್ ಓದಿಯೇ ಕೊಳ್ಳಬೇಕು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ದಾರಿ ಬದಲಾಗುವಾಗ ಮಾತಿನ ನಡುವೆ ಚಿತ್ರ ಕ್ಷಣಕಾಲ ಹೋಗಿಯೇ ಹೋಗುತ್ತದೆ. ಅದಕ್ಕೆ ಮದ್ದು ರೌಟರಿನಲ್ಲಿಲ್ಲ. ಊರಿಗೆ ಹೋದಾಗ ಅಪ್ಪಯ್ಯನ ಎದುರು ಕೂತು ಸ್ಲೇಟಿನ ಮೇಲೆ ಬರೆದೆವು: “ಮುಖ ಮಾಯವಾದರೆ ಅರುವತ್ತರವರೆಗೆ ಎಣಿಸಿ. ನಾವು ಬರುತ್ತೇವೆ.” ಅವರು ಎರಡು ಸಲ ಓದಿ ತಲೆಯಾಡಿಸಿದರು.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಮಾತಿನ ನಡುವೆ ಮತ್ತೆ ಫೈಬರ್ ಕೈಕೊಟ್ಟಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಚಿತ್ರ ಮರಳಿದಾಗ ಅಪ್ಪಯ್ಯ ಬೆರಳು ಮಡಿಸಿ ಎಣಿಸುತ್ತ ಕೂತಿದ್ದರು. ನಮ್ಮನ್ನು ಕಂಡು, “ನಲ್ವತ್ತಕ್ಕೇ ಬಂದ್ರಿ, ಅಡ್ಡಿಲ್ಲೆ” ಎಂದು ನಕ್ಕರು. ಆಮೇಲೆ ಎಂದಿನಂತೆ ಊಟವಾಯಿತೇ ಎಂದು ಕೇಳಿದರು.

ಸಂಘದ ಬಂಧುಗಳಲ್ಲಿ ಊರಿನಲ್ಲಿ ಹಿರಿಯರನ್ನು ಬಿಟ್ಟುಬಂದವರೇ ಹೆಚ್ಚು. ಈ ಏರ್ಪಾಡನ್ನು ಕಣ್ಣಾರೆ ಕಾಣಬೇಕೆಂದಿರುವವರು ಯಾವುದಾದರೂ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರಬಹುದು. ಕಾಫಿಯಂತೂ ಸಿದ್ಧವಿರುತ್ತದೆ.