ನೀಲಿ ಡಬ್ಬಿಯ ಋಣ

ರೌಟರ್‌ಗಳನ್ನು ಸಗಟಿಗೆ ತರಿಸಿ, ಓಪನ್‌ಡಬ್ಲ್ಯುಆರ್‌ಟಿ ಎಂಬ ಫರ್ಮ್‌ವೇರ್ ಹಾಕಿ, ಅಲ್ಲಲ್ಲಿ ತಿದ್ದಿ ಮಾರಬೇಕು ಅಂತಿದ್ದೀಯಲ್ಲ, ಒಳ್ಳೆಯ ಕೆಲಸವೇ. ಅದಕ್ಕೆ ಮೊದಲು ಲಿಂಕ್‌ಸಿಸ್ ಕಥೆ ಕೇಳು. ಅದು ನಡೆಯುವಾಗ ನಾವೆಲ್ಲ ಸುದ್ದಿಗಾಗಿ ಕಾದು ಕೂರುತ್ತಿದ್ದೆವು.

ಡಬ್ಲ್ಯುಆರ್‌ಟಿ54ಜಿ ಅಂತ ಲಿಂಕ್‌ಸಿಸ್‌ನ ಒಂದು ರೌಟರ್. ನೀಲಿ-ಕಪ್ಪು ಡಬ್ಬಿ, ಹಿಂದೆ ಎರಡು ಆಂಟೆನಾ. 2002ರ ಕೊನೆಗೆ ಅಮೆರಿಕದ ಮಾರುಕಟ್ಟೆಗೆ ಬಂತು. ಮರುವರ್ಷ ಸಿಸ್ಕೊ ಇಡೀ ಲಿಂಕ್‌ಸಿಸ್ ಕಂಪನಿಯನ್ನೇ ಸುಮಾರು 50 ಕೋಟಿ ಡಾಲರಿಗೆ ಕೊಂಡಿತು. ಅದೇ ಹೊತ್ತಿಗೆ ಯಾರೋ ಕುತೂಹಲಿಗಳು ಆ ರೌಟರ್‌ನ ಫರ್ಮ್‌ವೇರ್ ಬಿಡಿಸಿ ನೋಡಿದರೆ ಒಳಗಿದ್ದದ್ದು ಲಿನಕ್ಸ್! ಜಿಪಿಎಲ್ ಪರವಾನಗಿಯ ತಂತ್ರಾಂಶ. ಸೋರ್ಸ್ ಕೋಡ್ ಮಾತ್ರ ಎಲ್ಲೂ ಇಲ್ಲ.

ಮನೆಯಲ್ಲಿ ನಿನ್ನ ಪಾಡಿಗೆ ತಿದ್ದಿಕೊಂಡರೆ ಜಿಪಿಎಲ್ ಏನೂ ಕೇಳುವುದಿಲ್ಲ. ಇನ್ನೊಬ್ಬರ ಕೈಗೆ ಕೊಟ್ಟ ಕ್ಷಣದಿಂದ ಹೊಣೆ ಶುರು. ಅದರ ಎರಡನೇ ಆವೃತ್ತಿಯ ಪ್ರಕಾರ ಸೋರ್ಸನ್ನು ಡಬ್ಬಿಯ ಜೊತೆಗೇ ಕೊಡಬೇಕು. ಇಲ್ಲವೇ ಕೇಳಿದವರಿಗೆಲ್ಲ ಕನಿಷ್ಠ ಮೂರು ವರ್ಷ ಕೊಡುತ್ತೇನೆ ಅಂತ ಬರೆದುಕೊಡಬೇಕು. ಕಂಪೈಲ್ ಮಾಡಲು ಬಳಸಿದ ಸ್ಕ್ರಿಪ್ಟ್‌ಗಳೂ ಅದರಲ್ಲಿ ಸೇರಿರಬೇಕು. ತಿದ್ದಿದ ಫೈಲುಗಳಲ್ಲಿ ತಿದ್ದಿದ್ದು ನೀನೇ ಅಂತಲೂ ಯಾವ ದಿನ ಅಂತಲೂ ನಮೂದಿಸಬೇಕು. ತಪ್ಪಿದೆಯೋ, ಪರವಾನಗಿ ತಾನಾಗಿಯೇ ರದ್ದು. ಆಮೇಲೆ ಮಾರುವ ಪ್ರತಿ ಡಬ್ಬಿಯೂ ಕೃತಿಸ್ವಾಮ್ಯದ ಉಲ್ಲಂಘನೆ.

ಲಿಂಕ್‌ಸಿಸ್ ರೌಟರ್‌ನ ಚಿಪ್ ಬ್ರಾಡ್‌ಕಾಮ್‌ನದು, ಫರ್ಮ್‌ವೇರ್ ಸಿದ್ಧವಾದದ್ದು ತೈವಾನಿನ ಸೈಬರ್‌ಟ್ಯಾನ್‌ನಲ್ಲಿ. ಹೀಗೆ ಕೈಯಿಂದ ಕೈಗೆ ದಾಟಿ ಬಂದ ಕೋಡ್ ಅದು. ಆದರೂ ಹೊಣೆ ಗ್ರಾಹಕನಿಗೆ ಡಬ್ಬಿ ಮಾರಿದವರ ಕೊರಳಿಗೇ ಸುತ್ತಿಕೊಂಡಿತು. ಅದು ನ್ಯಾಯ ಅಂತಲೇ ನಾನು ಈಗಲೂ ಹೇಳುತ್ತೇನೆ. ದುಡ್ಡು ಕೊಟ್ಟವನಿಗೆ ಗೊತ್ತಿರುವುದು ಮಾರಿದವನ ಮುಖ ಒಂದೇ.

ಒತ್ತಡ ಬಿದ್ದು 2003ರಲ್ಲೇ ಸೋರ್ಸ್ ಹೊರಬಂತು. ನಮಗೆಲ್ಲ ಹಬ್ಬ! ನೀನು ಹಾಕಬೇಕೆಂದಿರುವ ಓಪನ್‌ಡಬ್ಲ್ಯುಆರ್‌ಟಿ 2004ರಲ್ಲಿ ಹುಟ್ಟಿದ್ದು ಅದರಿಂದಲೇ. ಹೆಸರಿನಲ್ಲೇ ಆ ರೌಟರ್ ಇದೆ ನೋಡು. ಅದೇ ವರ್ಷ ಮ್ಯೂನಿಕ್‌ನಲ್ಲಿ ಹರಾಲ್ಡ್ ವೆಲ್ಟೆ ಎಂಬ ಲಿನಕ್ಸ್ ಡೆವಲಪರ್ ಸೈಟ್‌ಕಾಮ್ ಕಂಪನಿಯ ಮೇಲೆ ದಾವೆ ಹೂಡಿ ಗೆದ್ದರು. ಜಿಪಿಎಲ್‌ಗೆ ಕಾನೂನಿನ ಬಲ ಇದೆ ಅಂತ ನ್ಯಾಯಾಲಯ ಎತ್ತಿಹಿಡಿಯಿತು. ಸಿಸ್ಕೊ ತಂಟೆಯೂ ಅಲ್ಲಿಗೆ ಮುಗಿಯಲಿಲ್ಲ. 2008ರ ಡಿಸೆಂಬರಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅದರ ಮೇಲೆ ಮೊಕದ್ದಮೆ ಹಾಕಿತು. ಮರುವರ್ಷ ರಾಜಿಯಾಯಿತು: ಲಿಂಕ್‌ಸಿಸ್‌ನಲ್ಲಿ ಪರವಾನಗಿ ಪಾಲನೆಯನ್ನೇ ನೋಡಿಕೊಳ್ಳಲು ಒಬ್ಬ ನಿರ್ದೇಶಕ, ಫೌಂಡೇಶನ್‌ಗೆ ದೇಣಿಗೆ.

ಪರವಾನಗಿಯದ್ದು ಇಷ್ಟಾದರೆ, ರೇಡಿಯೋ ಲೆಕ್ಕ ಬೇರೆಯೇ ಇದೆ. ದೇಶದ ಸೆಟ್ಟಿಂಗ್ ಬದಲಿಸಿ ಮಿತಿ ಮೀರಿದ ಶಕ್ತಿಯಲ್ಲಿ ಪ್ರಸಾರ ಮಾಡಲು ತನ್ನ ರೌಟರ್‌ಗಳಲ್ಲಿ ಅವಕಾಶವಿತ್ತು ಎಂಬ ಕಾರಣಕ್ಕೆ 2016ರಲ್ಲಿ ಟಿಪಿ-ಲಿಂಕ್ ಅಮೆರಿಕದಲ್ಲಿ 2 ಲಕ್ಷ ಡಾಲರ್ ದಂಡ ಕಟ್ಟಿತು. ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ ಬೇಕು. ನೀನು ಆ ಮಿತಿಗಳನ್ನು ಮುಟ್ಟಲೇಬೇಡ.

ಮುಂಗಡ ಕೊಡುವ ಮೊದಲು ಸರಬರಾಜುದಾರನ ಹತ್ತಿರ ಪೂರ್ತಿ ಸೋರ್ಸ್ ಕೇಳು. ಅದರಿಂದ ನೀನೇ ಫರ್ಮ್‌ವೇರ್ ಕಟ್ಟಿ, ಒಂದು ರೌಟರ್‌ಗೆ ಹಾಕಿ ಓಡಿಸಿ ನೋಡು. ಕೊಡಲ್ಲ ಅಂದರೆ ಎಷ್ಟೇ ಅಗ್ಗವಾದರೂ ಆ ಮಾಲು ಎತ್ತಬೇಡ.