ತವರಿನ ಬಾಗಿಲಲ್ಲಿ ಅತಿಥಿ

ನಾಲ್ಕಾರು ತಲೆಮಾರು ಕಳೆದರೆ ಮಗಳ ಸಂತಾನಕ್ಕೆ ತವರುಮನೆಯ ದಾರಿಯೇ ಮರೆತುಹೋಗುವುದು ಲೋಕರೂಢಿ. ಬರಿಯ ಮರೆವಾದರೆ ಕ್ಷಮಿಸಬಹುದು. ತವರಿನ ಮೇಲೆಯೇ ಹಗೆ ಸಾಧಿಸಿದ್ದರೆ? ಯೆಹೂದ್ಯರ ಸಭಾಮಂದಿರದ ಆರಾಧನೆಗೆ ಮೊದಲ ಬಾರಿ ಹೋಗುವ ಕ್ರೈಸ್ತನ ಸ್ಥಿತಿ ಇಂಥದು.

ರೋಮ್ ನಗರದಲ್ಲಿ, ಟೈಬರ್ ನದಿಯ ದಡದ ಮೇಲಿರುವ ಮಹಾ ಸಭಾಮಂದಿರವನ್ನೇ ತೆಗೆದುಕೊಳ್ಳಬಹುದು. 1904ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಗುಮ್ಮಟ ಚೌಕಾಕಾರದ್ದು. ಇಗರ್ಜಿಗಳ ದುಂಡುಗುಮ್ಮಟಗಳ ನಡುವೆ ಅದು ದೂರದಿಂದಲೇ ಬೇರೆಯಾಗಿ ಕಾಣುತ್ತದೆ. ಸಬ್ಬತ್ತಿನ ಬೆಳಗ್ಗೆ ಅಲ್ಲಿಗೆ ಬರುವ ಹೊಸಬನಿಗೆ ಮೊದಲು ಎದುರಾಗುವವರು ಕಾವಲಿನವರು. ಅವರ ಪ್ರಶ್ನೆಗಳಿಗೆ ಆತನು ಮುನಿಯಬೇಕಾಗಿಲ್ಲ. 1982ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿಸಿ ಹೊರಬರುತ್ತಿದ್ದವರ ಮೇಲೆ ಇಲ್ಲಿಯೇ ಬಾಂಬುಗಳೂ ಗುಂಡುಗಳೂ ಬಿದ್ದವು. ಎರಡು ವರ್ಷದ ಕೂಸೊಂದು ಪ್ರಾಣ ನೀಗಿತು.

ಒಳಗೆ ಆತನಿಗೆ ಎಲ್ಲವೂ ತಿರುವುಮುರುವು. ಇಗರ್ಜಿಯಲ್ಲಿ ಗಂಡಸು ಟೊಪ್ಪಿಗೆ ತೆಗೆಯಬೇಕು. ಇಲ್ಲಿ ತಲೆ ಮುಚ್ಚಿಕೊಳ್ಳಬೇಕು. ಪುಸ್ತಕದ ಸಾಲು ಬಲದಿಂದ ಎಡಕ್ಕೆ ಹರಿಯುತ್ತದೆ. ಶಿಲುಬೆಯಿಲ್ಲ, ಪ್ರತಿಮೆಯಿಲ್ಲ. ಹೆಂಗಸರೆಲ್ಲ ಉಪ್ಪರಿಗೆಯಲ್ಲಿ. ಭಾಷೆ ಹೀಬ್ರೂ. ಎಲ್ಲಿ ಏಳಬೇಕು, ಎಲ್ಲಿ ಕೂಡಬೇಕು ಎಂದು ಪಕ್ಕದವರನ್ನು ಕದ್ದು ನೋಡುತ್ತಿರುವಾಗ, ಇದ್ದಕ್ಕಿದ್ದಂತೆ ‘ಆಮೆನ್’ ಎಂಬ ದನಿ ಕೇಳಿಬರುತ್ತದೆ. ಪರದೇಶದಲ್ಲಿ ಯಾರೋ ಹೆಸರು ಹಿಡಿದು ಕರೆದಂತೆ ಆತನು ತಲೆಯೆತ್ತುತ್ತಾನೆ. ಅವರು ಹಾಡುತ್ತಿರುವುದು ದಾವೀದನ ಕೀರ್ತನೆಗಳನ್ನಲ್ಲವೇ? ಗೂಡಿನಿಂದ ಹೊರತೆಗೆದ ಚರ್ಮದ ಸುರುಳಿಯ ಕೈಬರಹದಲ್ಲಿರುವುದು ಮೋಶೆಯ ಐದು ಗ್ರಂಥಗಳು. ಆತನ ಮನೆಯ ಬೈಬಲಿನ ಮೊದಲ ಪುಟಗಳೇ. ಪುರೋಹಿತವಂಶದವರು ಹರಸುವ ವೇಳೆಗೆ ತಂದೆಯರು ತಮ್ಮ ಪ್ರಾರ್ಥನಾವಸ್ತ್ರವನ್ನು ಮಕ್ಕಳ ತಲೆಯ ಮೇಲೆ ಹರಡುತ್ತಾರೆ. ಆ ಆಶೀರ್ವಚನವನ್ನು ಆತನು ತನ್ನ ಪಾದ್ರಿಯ ಬಾಯಿಂದಲೂ ಕೇಳಿದ್ದಾನೆ. ನಜರೇತಿನಲ್ಲಿ ಯೇಸು ಎದ್ದುನಿಂತು ಯೆಶಾಯನ ಸುರುಳಿಯನ್ನು ಓದಿದ್ದು ಸಭಾಮಂದಿರದಲ್ಲಿಯೇ ಎಂದು ಲೂಕನು ಬರೆದಿದ್ದಾನೆ.

‘ಇದೆಲ್ಲ ನಮ್ಮದೇ’ ಎಂಬ ಮಾತು ಆಗ ನಾಲಗೆಯ ತುದಿಗೆ ಬರುತ್ತದೆ. ಅಪಾಯವಿರುವುದು ಅಲ್ಲಿಯೇ. ಹಾಗೆ ಎಂದುಕೊಂಡವರೇ ಮನೆಯ ಹಿರಿಯನನ್ನು ಮೂಲೆಗೆ ನೂಕಿದರು. 1555ರಲ್ಲಿ ಪೋಪ್ 4ನೆಯ ಪೌಲನ ಆಜ್ಞೆಯಂತೆ ರೋಮಿನ ಯೆಹೂದ್ಯರನ್ನು ಗೋಡೆ ಸುತ್ತಿದ ಕೇರಿಯಲ್ಲಿ ಕೂಡಿದ್ದಾಯಿತು. ಮುಂದೆ, ಸಬ್ಬತ್ತಿನ ದಿನವೇ ಅವರನ್ನು ಬಲವಂತವಾಗಿ ಕೂರಿಸಿ ಮತಾಂತರದ ಉಪದೇಶ ಕೇಳಿಸಿದ್ದಾಯಿತು. 1943ರ ಅಕ್ಟೋಬರ್ 16ರಂದು ನಾತ್ಸಿಗಳು ಈ ನಗರದಲ್ಲಿ ಹಿಡಿದು ಆಷ್ವಿಟ್ಸಿಗೆ ಸಾಗಿಸಿದವರು ಸಾವಿರಕ್ಕೂ ಹೆಚ್ಚು; ಮರಳಿ ಬಂದವರು 16 ಮಂದಿ. ಪಕ್ಕದಲ್ಲಿ ಕುಳಿತು ಪುಟದ ಸಂಖ್ಯೆ ತೋರಿಸಿಕೊಡುವ ವೃದ್ಧರು ಆ ಊರಿನವರು.

1965ರಲ್ಲಿ ವ್ಯಾಟಿಕನ್ ಮಹಾಸಭೆ, ಯೇಸುವಿನ ಮರಣದ ಹೊಣೆಯನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಲಾಗದೆಂದು ಸಾರಿತು. 1986ರ ಏಪ್ರಿಲ್ 13ರಂದು ಪೋಪ್ 2ನೆಯ ಜಾನ್ ಪಾಲ್ ಇದೇ ಸಭಾಮಂದಿರಕ್ಕೆ ಬಂದರು. ಮುಖ್ಯ ರಬ್ಬಿ ಎಲಿಯೊ ತೊವಾಫ್ ಅವರನ್ನು ಅಪ್ಪಿಕೊಂಡು ಬರಮಾಡಿಕೊಂಡರು. ಪೋಪರು ಯೆಹೂದ್ಯರನ್ನು ಅಣ್ಣಂದಿರೆಂದು ಕರೆದರು. ಅಣ್ಣನೆಂದ ಮೇಲೆ ಮನೆಗೆ ಒಡೆಯನಿದ್ದಾನೆ, ಆತನು ಬದುಕಿದ್ದಾನೆ ಎಂದು ಒಪ್ಪಿದಂತೆಯೇ ಅಲ್ಲವೇ?

ಬಂದವನಿಗೆ ಇಷ್ಟು ತಿಳಿದರೆ ಸಾಕು. ಗೊತ್ತಿರುವ ಕಡೆ ‘ಆಮೆನ್’ ಎನ್ನಬಹುದು; ಗೊತ್ತಿಲ್ಲದ ಕಡೆ ಮೌನವೇ ಮರ್ಯಾದೆ. ಬಂಧುತ್ವವನ್ನು ಬಂದವನು ಸಾರಬೇಕಾಗಿಲ್ಲ. ಮನೆಯವರು ‘ಶಬ್ಬಾತ್ ಶಾಲೋಮ್’ ಎಂದು ಕೈನೀಡಿದಾಗ ಅದನ್ನು ತಲೆಬಾಗಿ ಸ್ವೀಕರಿಸಿದರಾಯಿತು.