ತುಂಗೆಯ ತಡಿಯಿಂದ ಭದ್ರೆಯ ತಡಿಗೆ

ತುಂಗೆಯ ದಡದ ಶಿವಮೊಗ್ಗೆಗೂ ಭದ್ರೆಯ ದಡದ ಭದ್ರಾವತಿಗೂ ನಡುವಣ ದೂರ ಸುಮಾರು 20 ಕಿಲೋಮೀಟರು. ಒಂದು ಊರು ಕೆಳದಿಯ ಅರಸರ ನೆನಪನ್ನು ಉಳಿಸಿಕೊಂಡಿದೆ. ಇನ್ನೊಂದು ಕಬ್ಬಿಣದಿಂದ ಹೆಸರಾಗಿದೆ. ಇವೆರಡನ್ನೂ ನೋಡಿ ಬಂದ ನಮಗೆ ಹೆಣ್ತನವೆಂಬ ಮಾತಿನ ಅರ್ಥವು ಕಾಲಕಾಲಕ್ಕೆ ಬದಲಾಗುತ್ತ ಬಂದಿರುವ ಬಗೆ ಸ್ಪಷ್ಟವಾಯಿತು.

ಶಿವಮೊಗ್ಗೆಯಲ್ಲಿ ಶಿವಪ್ಪನಾಯಕನ ಅರಮನೆಯೆಂದು ಕರೆಯಲಾಗುವ ಮರದ ಕಂಬಗಳ ಕಟ್ಟಡವಿಂದು ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ನಿಂತಾಗ ಆ ವಂಶದ ರಾಣಿ ಚೆನ್ನಮ್ಮಾಜಿಯ ನೆನಪಾಗದಿರದು. ಪತಿ ಸೋಮಶೇಖರನಾಯಕನ ನಂತರ ಆಕೆ ಸುಮಾರು 25 ವರ್ಷ ರಾಜ್ಯವಾಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಆಶ್ರಯ ಬೇಡಿ ಬಂದಾಗ, ಔರಂಗಜೇಬನ ಕೋಪಕ್ಕೆ ಅಂಜದೆ ಅವನನ್ನು ಕಾಪಾಡಿದಳು. ಇಂಥವಳನ್ನು ನಾವು ಹೊಗಳುವುದು ‘ಗಂಡೆದೆಯ ರಾಣಿ’ ಎಂದು! ಮರೆಹೊಕ್ಕವರನ್ನು ಕಾಯುವ ಗುಣ ಗಂಡಿನದೂ ಅಲ್ಲ, ಹೆಣ್ಣಿನದೂ ಅಲ್ಲ. ಧೈರ್ಯವು ಹೆಣ್ಣಿನಲ್ಲಿ ಕಂಡೊಡನೆ ಅದನ್ನು ಗಂಡಿನ ಲೆಕ್ಕಕ್ಕೆ ಬರೆದುಕೊಳ್ಳುವುದು ನಮ್ಮ ಭಾಷೆಯ ಹಳೆಯ ಚಾಳಿ.

ಚೆನ್ನಮ್ಮಾಜಿಗಿಂತ ಐದು ಶತಮಾನಗಳ ಹಿಂದೆಯೇ ಇದೇ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿಯು ಅರಸನ ಐಶ್ವರ್ಯವನ್ನು ತೊರೆದು ತನ್ನ ದಾರಿಯನ್ನು ತಾನೇ ಆರಿಸಿಕೊಂಡಳು. ಹಿರೇಜಂಬೂರಿನ ಸತ್ಯಕ್ಕನು ಶರಣರ ಅಂಗಳ ಗುಡಿಸುವ ಕಾಯಕದಲ್ಲಿಯೇ ಘನತೆಯನ್ನು ಕಂಡಳು. ಒಬ್ಬಳು ಮನೆಯನ್ನು ಬಿಟ್ಟವಳು, ಇನ್ನೊಬ್ಬಳು ಅಂಗಳವನ್ನು ಗುಡಿಸಿದವಳು. ಇವರಲ್ಲಿ ಯಾರು ಹೆಚ್ಚು ಹೆಣ್ಣು ಎಂಬ ಪ್ರಶ್ನೆಗೆ ಅರ್ಥವುಂಟೆ?

ಮರುದಿನ ಬೆಳಿಗ್ಗೆ ಭದ್ರಾವತಿಯ ಬಸ್ಸನ್ನು ಹತ್ತಿದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಬಳಿಕ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಸಂಖ್ಯೆ ಹೆಚ್ಚಿದೆ. ಪಕ್ಕದ ಆಸನದಲ್ಲಿ ರಾತ್ರಿ ಪಾಳಿ ಮುಗಿಸಿದ ದಾದಿಯೊಬ್ಬರು ತೂಕಡಿಸುತ್ತಿದ್ದರು. ಮಾತಿಗೆಳೆದಾಗ, “ಮಕ್ಕಳು ಶಾಲೆಗೆ ಹೊರಡುವುದರೊಳಗೆ ತಿಂಡಿಯಾಗಬೇಕು ಗುರುಗಳೇ, ನಿದ್ದೆ ಆಮೇಲೆ” ಎಂದರು.

ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ಆ ಕಾರ್ಖಾನೆಯನ್ನು ಬೆಳೆಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿಕೊಂಡಿತು. ಕುಲುಮೆಯ ಮುಂದೆ ಗಂಡಸು, ಕ್ವಾರ್ಟರ್ಸಿನ ಒಲೆಯ ಮುಂದೆ ಹೆಂಗಸು ಎಂಬುದು ಇಂಥ ಊರುಗಳ ಸಹಜಧರ್ಮವೆನಿಸಿತು. 1948ರ ಕಾರ್ಖಾನೆಗಳ ಕಾಯ್ದೆಯು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಮಹಿಳೆಯರು ಕಾರ್ಖಾನೆಯಲ್ಲಿ ದುಡಿಯುವುದನ್ನು ನಿರ್ಬಂಧಿಸಿತು. ರಕ್ಷಣೆಯೇ ಅದರ ಉದ್ದೇಶ. ಆದರೆ ಆಸ್ಪತ್ರೆಯ ದಾದಿಗೆ ಆ ನಿರ್ಬಂಧವಿರಲಿಲ್ಲ. ರೋಗಿಯ ಬಳಿ ರಾತ್ರಿಯಿಡೀ ಎಚ್ಚರವಿರುವುದು ಹೆಣ್ತನ, ಯಂತ್ರದ ಬಳಿ ಎಚ್ಚರವಿರುವುದು ಹೆಣ್ತನಕ್ಕೆ ಒಗ್ಗದು! ಹೆಣ್ತನದ ಗೆರೆಯನ್ನು ಎಳೆದುದು ಪ್ರಕೃತಿಯಲ್ಲ, ಸಮಾಜದ ಅನುಕೂಲ. 2019ರಲ್ಲಿ ಕರ್ನಾಟಕ ಸರ್ಕಾರವು ಷರತ್ತುಗಳೊಡನೆ ರಾತ್ರಿ ಪಾಳಿಗೆ ಅನುಮತಿಯಿತ್ತಿತು, ಗೆರೆ ಸರಿಯಿತು.

ಈ ನಡುವೆ ಊರಿನ ಭಾಗ್ಯವೂ ಬದಲಾಯಿತು. 2015ರ ಸುಮಾರಿಗೆ ಕಾಗದದ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ಮಾತು ಬಂದು ಕಾರ್ಮಿಕರು ಹೋರಾಟಕ್ಕಿಳಿದರು. ಗಂಡನ ಸಂಬಳ ನಿಂತ ಮನೆಯಲ್ಲಿ ಹೆಂಡತಿಯ ಗಳಿಕೆಯನ್ನು ಯಾರೂ ‘ಕೈಖರ್ಚಿನ ಕಾಸು’ ಎನ್ನಲಾರರು.

ಹೀಗೆ ಹೊರಗಣ ಬಾಗಿಲುಗಳು ಒಂದೊಂದಾಗಿ ತೆರೆದಿವೆ. ತೆರೆಯದೆ ಉಳಿದುದು ಅಡುಗೆಮನೆಯ ಬಾಗಿಲು, ಅದೂ ಗಂಡಸರಿಗೆ! ದುಡಿಯುವ ಸೊಸೆಯನ್ನು ಹೆಮ್ಮೆಯಿಂದ ಪರಿಚಯಿಸುವ ಮನೆಯಲ್ಲಿಯೇ ಆಕೆ ಎರಡು ಪಾಳಿ ದುಡಿಯುತ್ತಾಳೆ. ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ಸಾರಿದ ಪರಂಪರೆ ನಮ್ಮದು. ಪಾತ್ರೆ ತೊಳೆಯುವುದೂ ಕಾಯಕವೆಂದ ಮೇಲೆ ಅದರ ಪುಣ್ಯವನ್ನೆಲ್ಲ ಹೆಂಗಸರಿಗೇ ಬಿಟ್ಟುಕೊಡುವ ಔದಾರ್ಯವೇಕೆ? ಹೆಣ್ತನದ ಅರ್ಥ ಇಷ್ಟು ಬದಲಾಗಿರುವಾಗ ಗಂಡಸುತನದ ಅರ್ಥವೂ ಬದಲಾಗಲೇಬೇಕು. ಅದಕ್ಕೆ ಕಾಯ್ದೆ ಬೇಡ. ರಾತ್ರಿ ಪಾಳಿ ಮುಗಿಸಿ ಬರುವ ತಾಯಿಗೆ ಬಿಸಿ ತಿಂಡಿ ಸಿದ್ಧವಾಗಿರಲಿ, ಅಲ್ಲಿಂದಲೇ ಆರಂಭವಾಗಲಿ.